‘ವಿಮಾನ ದೂರ’, ‘ಪ್ರಯಾಣದ ಅವಧಿ’: ಯಾವ ಅರ್ಥದಲ್ಲಿ ಬಳಸಬೇಕು?

ದೂರದ ಎರಡು ನಗರಗಳ ನಡುವಿನ ವಿಮಾನಯಾನದ ಬಗ್ಗೆ ಬರೆಯುವಾಗ ‘ವಿಮಾನ ದೂರ’, ‘ಪ್ರಯಾಣದ ಅವಧಿ’, ‘ನೇರ ವಿಮಾನ’ ಎಂಬ ಪ್ರಯೋಗಗಳು ಕನ್ನಡದಲ್ಲಿ ರೂಢಿಯಾಗಿವೆ. ಇವುಗಳ ಅರ್ಥವ್ಯಾಪ್ತಿಯ ಬಗ್ಗೆ ತಿಳಿದವರ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದೇ ಹೆಚ್ಚು ತೊಡಕಿನದು. ಕೋಷ್ಟಕಗಳಲ್ಲಿ ‘ವಿಮಾನ ದೂರ’ ಎಂದು ಕೊಡುವುದು ಸಾಮಾನ್ಯವಾಗಿ ಭೂಗೋಳದ ಮೇಲ್ಮೈಯಲ್ಲಿ ಎರಡು ಊರುಗಳ ನಡುವಿನ ಅತಿ ಕಡಿಮೆ ಅಂತರವನ್ನು, ಅಂದರೆ ಮಹಾವೃತ್ತದ (ಭೂಗೋಳವನ್ನು ಎರಡು ಸಮಭಾಗಗಳಾಗಿ ವಿಭಜಿಸುವ ವೃತ್ತದ) ಗುಂಟ ಅಳೆದ ಅಂತರವನ್ನು. ವಿಮಾನ ನಿಜವಾಗಿ ಹಾರುವ ದಾರಿ ಇದಕ್ಕಿಂತ ಉದ್ದವಾಗಿರುತ್ತದೆ. ಹೆಲ್ಸಿಂಕಿ ಮತ್ತು ಟೋಕಿಯೊ ನಡುವಿನ ಅಂತರ ಸುಮಾರು 7,800 ಕಿ.ಮೀ. 2022ರಲ್ಲಿ ರಷ್ಯಾದ ವಾಯುಪ್ರದೇಶ ಯುರೋಪಿನ ಕಂಪನಿಗಳಿಗೆ ಮುಚ್ಚಿದ ಮೇಲೆ ಫಿನ್ಲೆಂಡಿನ ವಿಮಾನಗಳು ಉತ್ತರ ಧ್ರುವದ ಕಡೆಯಿಂದಲೋ ದಕ್ಷಿಣದ ದೇಶಗಳ ಮೇಲಿನಿಂದಲೋ ಬಳಸಿ ಹೋಗಬೇಕಾಯಿತು; 9 ಗಂಟೆಗಳ ಆಸುಪಾಸಿನಲ್ಲಿದ್ದ ಹಾರಾಟ ಸುಮಾರು 13 ಗಂಟೆಗಳಿಗೆ ಏರಿತು. ಊರುಗಳ ಅಂತರ ಒಂದಿಷ್ಟೂ ಬದಲಾಗಲಿಲ್ಲ, ಬದಲಾದದ್ದು ದಾರಿ. ಆದ್ದರಿಂದ ಮೊದಲನೆಯದಕ್ಕೆ ‘ನೇರ ಅಂತರ’ ಎಂದೂ ಎರಡನೆಯದಕ್ಕೆ ‘ಹಾರಿದ ದೂರ’ ಎಂದೂ ಬೇರೆ ಬೇರೆಯಾಗಿಯೇ ಬರೆಯುವುದು ಲೇಸೆಂದು ನನಗೆ ತೋರುತ್ತದೆ. ‘ವಿಮಾನ ದೂರ’ ಎರಡಕ್ಕೂ ಹೊಂದುವಂತಿರುವುದೇ ಅದರ ದೋಷ.

‘ಪ್ರಯಾಣದ ಅವಧಿ’ಯಲ್ಲೂ ಇಂಥದೇ ಗೊಂದಲವಿದೆ. ವೇಳಾಪಟ್ಟಿಯಲ್ಲಿ ಕಾಣುವ ಅವಧಿ ವಿಮಾನವು ನಿಲ್ದಾಣದ ತನ್ನ ಜಾಗ ಬಿಟ್ಟ ಕ್ಷಣದಿಂದ ಇನ್ನೊಂದು ನಿಲ್ದಾಣದಲ್ಲಿ ಬಂದು ನಿಲ್ಲುವವರೆಗಿನದು. ರನ್‌ವೇಗೆ ಸಾಗುವ ಹೊತ್ತೂ ಅದರಲ್ಲಿ ಸೇರಿರುತ್ತದೆ. ಗಾಳಿಯಲ್ಲಿ ಇದ್ದಷ್ಟು ಹೊತ್ತನ್ನು ಮಾತ್ರ ಹೇಳಬೇಕಾದಾಗ ‘ಹಾರಾಟದ ಅವಧಿ’ ಎನ್ನಬಹುದು. ಅವಧಿಯನ್ನು ಹೇಳುವಾಗ ದಿಕ್ಕನ್ನೂ ಹೇಳಬೇಕು: ಅಟ್ಲಾಂಟಿಕ್ ಮೇಲೆ ಬಹು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ವೇಗದ ಗಾಳಿ, ಅಂದರೆ ಜೆಟ್ ಪ್ರವಾಹದಿಂದಾಗಿ ನ್ಯೂಯಾರ್ಕಿನಿಂದ ಲಂಡನ್ನಿಗೆ ಸುಮಾರು 7 ಗಂಟೆ ಹಿಡಿದರೆ, ಮರಳುವಾಗ ಸುಮಾರು 8 ಗಂಟೆ ಹಿಡಿಯುತ್ತದೆ. ಟಿಕೆಟ್ಟಿನಲ್ಲಿ ಆಯಾ ಊರಿನ ಸ್ಥಳೀಯ ಸಮಯ ಇರುವುದರಿಂದ ತಲುಪುವ ಸಮಯದಲ್ಲಿ ಹೊರಡುವ ಸಮಯವನ್ನು ಕಳೆದು ‘ಅವಧಿ’ ಎಂದು ಬರೆಯುವುದಂತೂ ಸಲ್ಲದು. ಸಿಡ್ನಿಯಿಂದ ಬೆಳಿಗ್ಗೆ ಹೊರಟವರು ಲಾಸ್ ಏಂಜಲೀಸಿನಲ್ಲಿ, ಅಲ್ಲಿನ ಗಡಿಯಾರದ ಪ್ರಕಾರ, ಅದೇ ದಿನ ಅದಕ್ಕಿಂತ ಮುಂಚಿನ ಹೊತ್ತಿಗೆ ಇಳಿಯುತ್ತಾರೆ.

ಇನ್ನು ‘ನೇರ ವಿಮಾನ’. ವಿಮಾನಯಾನದ ವ್ಯವಹಾರದಲ್ಲಿ ನಡುವೆ ಒಂದೆಡೆ ಇಳಿದರೂ ಯಾನದ ಸಂಖ್ಯೆ (ಫ್ಲೈಟ್ ನಂಬರ್) ಒಂದೇ ಆಗಿದ್ದರೆ ಅದು ನೇರ ವಿಮಾನವೇ. ಕನ್ನಡದ ಓದುಗರಿಗೆ ಮಾತ್ರ ಎಲ್ಲೂ ನಿಲ್ಲದ್ದು ಎಂದೇ ಕೇಳಿಸುತ್ತದೆ. ಸುಮಾರು 15,300 ಕಿ.ಮೀ. ಅಂತರವನ್ನು ಎಲ್ಲೂ ಇಳಿಯದೆ 18 ಗಂಟೆಗೂ ಹೆಚ್ಚು ಹೊತ್ತು ಹಾರುವ ಸಿಂಗಪುರ–ನ್ಯೂಯಾರ್ಕ್ ವಿಮಾನಕ್ಕೆ, ಬಸ್ಸಿನ ಫಲಕಗಳಿಂದ ಪರಿಚಿತವಾದ ‘ತಡೆರಹಿತ’ ಎಂಬ ಪದವೇ ಸರಿಹೊಂದುತ್ತದೆಂದು ನನ್ನ ಅನಿಸಿಕೆ. ನಡುವೆ ಇಳಿದು ಅದೇ ಸಂಖ್ಯೆಯಲ್ಲಿ ಮುಂದುವರಿಯುವ ವಿಮಾನಕ್ಕೆ ಒಪ್ಪುವ ಪದ ಯಾರ ಬಳಕೆಯಲ್ಲಾದರೂ ಇದೆಯೇ?