ಸಮುದಾಯ ರೇಡಿಯೋ ರೂಲ್ಸ್ ಮುರಿದ್ರೆ ಫೈನ್ ಹಾಕ್ತಾರಾ, ಬಂದ್ ಮಾಡಿಸ್ತಾರಾ?

ಜಾತ್ರೆಮೈಕು:
ನಮ್ಮ ಹೋಬಳಿಲಿ ಒಂದು ಸಮುದಾಯ ರೇಡಿಯೋ ಇದೆ, ನಾನು ಸಂಜೆ ಹೋಗಿ ಕಾರ್ಯಕ್ರಮ ಮಾಡ್ಕೊಡ್ತೀನಿ, ಸಂಬಳ ಗಿಂಬಳ ಏನಿಲ್ಲ. ಜಾತ್ರೆ ಟೈಮಲ್ಲಿ ಬಟ್ಟೆ ಅಂಗಡಿ, ಗೊಬ್ಬರದಂಗಡಿ ಆಡ್ ಜಾಸ್ತಿ ಬರ್ತಾವೆ ಅಂತ ಒಂದರ ಹಿಂದೆ ಒಂದು ಹಾಕ್ಬಿಟ್ಟಿದಾರೆ, ಅದು ಸಾಲ್ದು ಅಂತ ನಮ್ಮ ಹುಡುಗ ಒಬ್ಬ ಪಂಚಾಯ್ತಿ ಮೀಟಿಂಗಲ್ಲಿ ಯಾರು ಯಾರಿಗೆ ಬೈದ್ರು ಅನ್ನೋದನ್ನೂ ಸುದ್ದಿ ಥರ ಓದಿದಾನೆ. ಈಗ ಮೆಂಬರ್ ಒಬ್ರು ಡೆಲ್ಲಿಗೆ ಕಂಪ್ಲೇಂಟ್ ಬರೀತೀನಿ, ಲಕ್ಷಗಟ್ಲೆ ಫೈನ್ ಹಾಕಿಸ್ತೀನಿ ಅಂತ ಕೂಗಾಡ್ತಿದಾರೆ. ನಿಜವಾಗ್ಲೂ ಅಷ್ಟು ಹಾಕ್ತಾರಾ? ನಮ್ಮ ಹತ್ರ ಇರೋದು ಒಂದು ಮಿಕ್ಸರು ಎರಡು ಮೈಕು.

ಆಂಟೆನಾಕಂಬ:
ಫೈನಿಗೆ ಹೆದರ್ಬೇಡಿ ಗುರು, ಸ್ಟೇಷನ್ ಬಂದ್ ಆಗೋದಕ್ಕೆ ಹೆದರ್ಕೊಳಿ. ಸಮುದಾಯ ರೇಡಿಯೋಗೆ ಕೇಂದ್ರ ಸರ್ಕಾರ ಮಾಡಿರೋ 2006ರ ಗೈಡ್‌ಲೈನ್ಸ್ ಪ್ರಕಾರ ಮೊದಲ್ನೇ ತಪ್ಪಿಗೆ ಒಂದು ತಿಂಗಳವರೆಗೆ ಪರ್ಮಿಷನ್ ಸಸ್ಪೆಂಡ್, ಎರಡನೇ ಸಲ ತಪ್ಪು ಎಂಥದು ಅಂತ ನೋಡಿ ಮೂರು ತಿಂಗಳವರೆಗೆ, ಆಮೇಲೂ ಅದನ್ನೇ ಮಾಡಿದ್ರೆ ಪರ್ಮಿಷನ್ನೇ ರದ್ದು. ರದ್ದಾದ್ರೆ ಐದು ವರ್ಷ ತಿರುಗಾ ಅರ್ಜಿ ಹಾಕಂಗಿಲ್ಲ. ಒಂದು ತಿಂಗಳು ಆಫ್ ಏರ್ ಅಂದ್ರೆ ಹಳ್ಳಿ ಸ್ಟೇಷನ್ನಿಗೆ ಏನು ಗತಿ ಹೇಳಿ, ಕೇಳೋರು ಮರೆತೇ ಬಿಡ್ತಾರೆ, ಆಡ್ ಕೊಡೋರು ಫೋನೇ ಎತ್ತಲ್ಲ. ಆದ್ರೆ ಯಾರೋ ಕಾಗದ ಬರೆದ ತಕ್ಷಣ ಬೀಗ ಹಾಕಲ್ಲ, ಸರ್ಕಾರದ ಕಮಿಟಿ ಮುಂದೆ ಹೋಗ್ಬೇಕು, ಶಿಕ್ಷೆಗೆ ಮುಂಚೆ ನಿಮ್ಮ ಮಾತೂ ಕೇಳ್ಬೇಕು.

ಹಳೇಟ್ರಾನ್ಸಿಸ್ಟರ್:
ಆಡ್ ವಿಷ್ಯ ಮೊದ್ಲು ಲೆಕ್ಕ ಹಾಕಿ. ಮುಂಚೆ ಗಂಟೆಗೆ 7 ನಿಮಿಷ ಅಷ್ಟೇ ಇತ್ತು, ಈಗ 2024ರಿಂದ 12 ನಿಮಿಷ ಹಾಕ್ಬೋದು, ನೀವು ಅದರೊಳಗೇ ಇದ್ರೂ ಇರ್ಬೋದು. ಸುದ್ದಿ ಮಾತ್ರ ಕಷ್ಟ, ಆಕಾಶವಾಣಿ ಸುದ್ದಿನ ಇದ್ದಂಗೇ ಹಾಕ್ಬೇಕು, ಇಲ್ಲಾ ಅರ್ಥ ಕೆಡಿಸ್ದೆ ನಮ್ಮ ಭಾಷೆಗೆ ತಿರುಗಿಸಿ ಹಾಕ್ಬೇಕು, ಸ್ವಂತ ಸುದ್ದಿ ಓದಂಗಿಲ್ಲ. ಮಳೆ, ರಿಸಲ್ಟು, ಕರೆಂಟ್ ಯಾವಾಗ ಹೋಗುತ್ತೆ, ನೀರು ಯಾವಾಗ ಬಿಡ್ತಾರೆ, ಜಾತ್ರೆ, ಇವೆಲ್ಲ ಸುದ್ದಿ ಲೆಕ್ಕಕ್ಕೆ ಬರಲ್ಲ, ಧಾರಾಳವಾಗಿ ಹೇಳಿ. ಬೈದಾಟ ಬೇಡ. (ನಂಗೇನೋ ಪಂಚಾಯ್ತಿ ಜಗಳ ಕೇಳೋಕೇ ಇಷ್ಟ, ಅದು ಬೇರೆ ಮಾತು.)

ಕರಿಕೋಟು:
ಲಕ್ಷದ ಮಾತು ಹಳೇ ಕಾನೂನಲ್ಲಂತೂ ಇರ್ಲಿಲ್ಲ. 1885ರ ಟೆಲಿಗ್ರಾಫ್ ಆಕ್ಟಲ್ಲಿ ಲೈಸೆನ್ಸ್ ಷರತ್ತು ಮುರಿದ್ರೆ ಇದ್ದಿದ್ದು ಸಾವಿರ ರೂಪಾಯಿವರೆಗೆ ಫೈನ್, ಸರಿ ಮಾಡ್ಕೊಳ್ದೆ ಇದ್ರೆ ವಾರಕ್ಕೆ 500ರವರೆಗೆ, ಬ್ರಿಟಿಷರ ಕಾಲದ ಲೆಕ್ಕ. ಲೈಸೆನ್ಸೇ ಇಲ್ದೆ ನಡ್ಸೋದು ಬೇರೆ ಕೇಸು, ಅದಕ್ಕೆ ಮೂರು ವರ್ಷದವರೆಗೆ ಜೈಲಿತ್ತು. ಬಿಹಾರದ ಮನ್ಸೂರ್‌ಪುರದಲ್ಲಿ ರಿಪೇರಿ ಅಂಗಡಿ ಹುಡುಗ ಐವತ್ತು ರೂಪಾಯಿ ಸಾಮಾನಲ್ಲಿ ಎಫ್‌ಎಂ ಶುರು ಮಾಡಿದ್ದ, ಊರಿಗೆ ಊರೇ ಕೇಳ್ತಿತ್ತು, 2006ರಲ್ಲಿ ಸರ್ಕಾರದವ್ರು ಬಂದು ನಿಲ್ಲಿಸಿದ್ರು. ಅಮೆರಿಕದಲ್ಲಾಗಿದ್ರೆ ಅಂಥ ಕಳ್ಳ ಸ್ಟೇಷನ್ನಿಗೆ 2020ರ ಕಾನೂನಲ್ಲಿ ದಿನಕ್ಕೆ ಲಕ್ಷ ಡಾಲರ್‌ವರೆಗೆ ಹಾಕ್ಬೋದು.

ಜಾತ್ರೆಮೈಕು:
ಥ್ಯಾಂಕ್ಸ್ ಎಲ್ರಿಗೂ. ಹಂಗಾದ್ರೆ ಆವತ್ತಿನ ರೆಕಾರ್ಡಿಂಗ್ ಡಿಲೀಟ್ ಮಾಡ್ಬಿಡ್ಲಾ?

ಆಂಟೆನಾಕಂಬ:
ಅಯ್ಯೋ ಬೇಡ ಮಾರಾಯ್ರೆ! ಹಾಕಿದ್ದೆಲ್ಲ ಮೂರು ತಿಂಗಳು ಇಟ್ಕೊಳ್ಲೇಬೇಕು, ಅಳಿಸಿದ್ರೆ ಅದೇ ಇನ್ನೊಂದು ತಪ್ಪು.