ಪದಚರ್ಚೆ: ನೀರಡಿಯ ಫೋಟೋದ ಬಿಳಿ ಚುಕ್ಕೆಗೆ ‘ರಾಡಿ’ ಅನ್ನಬಹುದೇ?

ಪ್ರಶ್ನೆ (ಬಳ್ಳಾರಿ):
ಬಲ್ಲವರಿಗೆ ನಮಸ್ಕಾರ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗೆ ಹೊರಟಿರುವ ನಮ್ಮೂರಿನ ಹುಡುಗ ಹುಡುಗಿಯರಿಗೆ ನೀರಡಿಯ ಫೋಟೋಗ್ರಫಿಯ ಕಿರುಕೈಪಿಡಿ ಬರೆಯುತ್ತಿದ್ದೇನೆ. ಫ್ಲ್ಯಾಶ್ ಹೊಡೆದಾಗ ಚಿತ್ರದ ತುಂಬ ಬರುವ ಬಿಳಿ ಚುಕ್ಕೆಗಳಿಗೆ ಡೈವರ್‌ಗಳು ‘ಬ್ಯಾಕ್‌ಸ್ಕ್ಯಾಟರ್’ ಅನ್ನುತ್ತಾರೆ. ಅದಕ್ಕೆ ‘ರಾಡಿ’ ಸಾಕೇ? ‘ಕರೆಂಟ್’ಗೆ ಪ್ರವಾಹ, ‘ನ್ಯೂಟ್ರಲ್ ಬಾಯನ್ಸಿ’ಗೆ ತಟಸ್ಥ ಪ್ಲವನತೆ, ‘ವೇಲ್ ಶಾರ್ಕ್’ಗೆ ತಿಮಿಂಗಿಲ ಎಂದು ಹಾಕಿದ್ದೇನೆ. ಕ್ಯಾಮೆರಾ ಇಡುವ ಪೆಟ್ಟಿಗೆಯೊಳಗೆ ನೀರು ನುಗ್ಗದಂತೆ ತಡೆಯುವ ರಬ್ಬರ್ ಬಳೆಗೆ, ಅಂದರೆ ಓ-ರಿಂಗ್‌ಗೆ, ‘ಗ್ರೀಸ್ ಬಳಿಯಿರಿ’ ಎಂದಿದೆ. ತಿದ್ದುವುದಿದ್ದರೆ ದಯವಿಟ್ಟು ತಿಳಿಸಿ.

ಉತ್ತರ (ರಾಯಚೂರು):
ಮೇಡಂ, ‘ರಾಡಿ’ ಖಂಡಿತ ಬೇಡ. ನಮ್ಮ ಕಡೆ ರಾಡಿ ಅಂದರೆ ಹೊಳೆಗೆ ಹೊಸ ನೀರು ಬಂದಾಗಿನ ಮಣ್ಣು ಕದಡಿದ ಕೆಂಪು ನೀರು. ಬ್ಯಾಕ್‌ಸ್ಕ್ಯಾಟರ್ ಬರಲು ನೀರು ಹಾಗಿರಬೇಕಿಲ್ಲ. 20 ಮೀಟರ್ ದೂರ ಕಾಣುವಷ್ಟು ತಿಳಿಯಾದ ನೀರಿನಲ್ಲೂ ಪ್ಲವಕಗಳು (ತೇಲುವ ಸೂಕ್ಷ್ಮಜೀವಿಗಳು), ನುಣ್ಣನೆಯ ಮರಳಿನ ಕಣಗಳು ತೇಲುತ್ತಲೇ ಇರುತ್ತವೆ. ಅವು ಲೆನ್ಸಿಗೂ ಮೀನಿಗೂ ನಡುವೆ ಇದ್ದು ಅವುಗಳ ಮೇಲೆ ಫ್ಲ್ಯಾಶ್ ಬಿದ್ದರೆ, ಬೆಳಕನ್ನು ನೇರ ಲೆನ್ಸಿಗೇ ಮರಳಿಸುತ್ತವೆ. ಸಂಡೂರು ರಸ್ತೆಯಲ್ಲಿ ಅದಿರು ಲಾರಿಯ ಹಿಂದೆ ರಾತ್ರಿ ಹೈಬೀಮ್ ಹಾಕಿದರೆ ರಸ್ತೆಯ ಬದಲು ಧೂಳೇ ಹೊಳೆಯುತ್ತದಲ್ಲ, ಅದೇ ಕೆಲಸ ಇಲ್ಲೂ ನಡೆಯುವುದು.

ಕ್ರಿಯೆಗೆ ‘ಹಿಂಚದುರಿಕೆ’ ಎಂದೂ ಚಿತ್ರದಲ್ಲಿ ಉಳಿಯುವ ಗುರುತಿಗೆ ‘ಕಣಚುಕ್ಕೆ’ ಎಂದೂ ಎರಡು ಪದ ಇಟ್ಟುಕೊಳ್ಳಿ. ರಾಡಿ ಎಂದು ಓದಿದವರು ‘ನೀರೇ ಸರಿಯಿಲ್ಲ, ಏನು ಮಾಡೋದು’ ಎಂದು ಕೈಬಿಡುತ್ತಾರೆ. ಪರಿಹಾರ ಮಾತ್ರ ಫ್ಲ್ಯಾಶ್ ಇಟ್ಟ ಜಾಗದಲ್ಲೇ ಇದೆ. ಕ್ಯಾಮೆರಾದ ಒಳಫ್ಲ್ಯಾಶ್ ಲೆನ್ಸಿಗೆ ತೀರ ಹತ್ತಿರ ಇರುವುದರಿಂದ ಕಣಚುಕ್ಕೆಗೆ ಅದೇ ಮೊದಲ ಕಾರಣ. ಅದರ ಬೆಳಕು ಮುಂದಕ್ಕೆ ಬೀಳದಂತೆ ತಡೆಯಬೇಕು. ಹೊರಗಿನ ಸ್ಟ್ರೋಬ್‌ಗಳನ್ನು (ಕ್ಯಾಮೆರಾದ ಹೊರಗೆ ಜೋಡಿಸುವ ಫ್ಲ್ಯಾಶ್‌ಗಳನ್ನು) ತೋಳುಗಳಿಂದ ಎರಡೂ ಬದಿಗೆ ದೂರ ಚಾಚಿ, ಅವುಗಳ ಮುಖ ಲೆನ್ಸಿನ ಗಾಜಿಗಿಂತ ತುಸು ಹಿಂದೆ ಇರುವಂತೆ ಇಟ್ಟು, ಸ್ವಲ್ಪ ಹೊರಗೆ ತಿರುಗಿಸಬೇಕು. ಆಗ ಬೆಳಕಿನ ಒಳ ಅಂಚು ಮಾತ್ರ ಮೀನಿಗೆ ತಾಗುತ್ತದೆ, ನಡುವಿನ ನೀರು ಕತ್ತಲಲ್ಲೇ ಉಳಿಯುತ್ತದೆ. ಇಳಿದ ಕೂಡಲೇ ಖಾಲಿ ನೀಲಿ ನೀರಿಗೆ ಒಂದು ಚಿತ್ರ ಹೊಡೆದು ನೋಡುವುದು ಒಳ್ಳೆಯದು. ಚುಕ್ಕೆ ಬಲಗಡೆ ಗುಂಪಾಗಿದ್ದರೆ ಬಲದ ಸ್ಟ್ರೋಬ್ ಒಳಗೆ ತಿರುಗಿದೆ ಎಂದರ್ಥ.

ದೂರದ ಲೆಕ್ಕವನ್ನೂ ಕೈಪಿಡಿಯಲ್ಲಿ ಹಾಕಿ. ಮೀನು ಒಂದು ಮೀಟರ್ ಒಳಗಿದ್ದರೆ ಸ್ಟ್ರೋಬ್ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದೂವರೆ ಮೀಟರ್ ದಾಟಿದ ಮೇಲೆ ಅದು ಬೆಳಗುವುದು ಬಹುಪಾಲು ಕಣಗಳನ್ನೇ. ಅಲ್ಲಿ ಸ್ಟ್ರೋಬ್ ಆರಿಸಿ, ಇರುವ ಬೆಳಕಿನಲ್ಲಿ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಸರಿಪಡಿಸುವ ಸೆಟ್ಟಿಂಗ್) ಹೊಂದಿಸಿ ತೆಗೆಯುವುದೇ ಸರಿ. ಕೆಂಪು ಬಣ್ಣವನ್ನು ನೀರು ಮೊದಲ 5–6 ಮೀಟರಿನಲ್ಲೇ ಬಹುಪಾಲು ಹೀರಿಬಿಡುತ್ತದೆ. ಹೀಗಾಗಿ ‘ಬಣ್ಣ ಮಾಸುತ್ತದೆ’ ಎನ್ನುವುದಕ್ಕಿಂತ ‘ನೀರು ಬಣ್ಣ ಹೀರುತ್ತದೆ’ ಎಂದು ಬರೆದರೆ, ಹತ್ತಿರ ಹೋಗಬೇಕು ಯಾಕೆ ಎನ್ನುವುದೂ ತಿಳಿಯುತ್ತದೆ.

‘ಪ್ರವಾಹ’ ಬದಲಿಸಿ. ನಮ್ಮ ಜಿಲ್ಲೆಯಲ್ಲಿ ಪ್ರವಾಹ ಅಂದರೆ ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟಾಗ ಕೃಷ್ಣೆ ದಂಡೆ ಮೀರುವುದು. ‘ಕರೆಂಟ್’ ಎಂದರೆ ಬೆಸ್ಕಾಂ, ಜೆಸ್ಕಾಂನವರು ಕೊಡುವುದು. ಹೊಳೆಯಲ್ಲಿ ಈಸುವವರೆಲ್ಲ ಬಳಸುವ ‘ಸೆಳವು’ ಇರುವಾಗ ಬೇರೆ ಯಾಕೆ? ಸೆಳವಿಗೆ ಎದುರಾಗಿ ಈಸಿ ಡೈವ್ ಶುರುಮಾಡಿ, ಸಿಲಿಂಡರಿನ ಗಾಳಿ ಕಡಿಮೆಯಾದಾಗ ಸೆಳವಿನ ಜೊತೆ ಮರಳಿ ಬನ್ನಿ ಎಂದು ಬರೆದರೆ ಎಲ್ಲರಿಗೂ ಅರ್ಥವಾಗುತ್ತದೆ.

‘ತಟಸ್ಥ ಪ್ಲವನತೆ’ ಪಾಠಪುಸ್ತಕಕ್ಕೆ ಸರಿ. ಕೈಪಿಡಿಗೆ ಕ್ರಿಯಾಪದ ಬೇಕು: ‘ಸಮತೂಗಿ ನಿಲ್ಲುವುದು’, ಅಂದರೆ ಏರದೆ ಇಳಿಯದೆ ಇದ್ದಲ್ಲೇ ಇರುವುದು. ಇದು ಬರದವರು ಹವಳವನ್ನು ಕೈಯಲ್ಲಿ ಹಿಡಿಯುತ್ತಾರೆ, ಇಲ್ಲವೇ ಕಾಲಿಗೆ ಹಾಕಿದ ಫಿನ್ (ಈಜುರೆಕ್ಕೆ) ಬಡಿದು ತಳದ ಮರಳು ಎಬ್ಬಿಸುತ್ತಾರೆ. ಹಾಗೆ ಎದ್ದ ಮರಳೇ ಮತ್ತೆ ಕಣಚುಕ್ಕೆ. ಕವಲೊಡೆಯುವ ಹವಳ ವರ್ಷಕ್ಕೆ ಹತ್ತು ಸೆಂಟಿಮೀಟರ್ ಬೆಳೆದರೆ ಹೆಚ್ಚು, ಗುಂಡುಕಲ್ಲಿನಂಥ ಹವಳ ಒಂದು ಸೆಂಟಿಮೀಟರ್ ಬೆಳೆಯುವುದೂ ಕಷ್ಟ. ಇದನ್ನು ದಪ್ಪ ಅಕ್ಷರದಲ್ಲಿ ಹಾಕಿ. ಇನ್ನೊಂದು ಎಚ್ಚರಿಕೆ: ಬಟನ್ ಒತ್ತುವಾಗ ಅಲುಗಬಾರದೆಂದು ಉಸಿರು ಬಿಗಿಹಿಡಿಯುವ ಅಭ್ಯಾಸ ನೆಲದ ಮೇಲಿನ ಫೋಟೋಗ್ರಾಫರ್‌ಗಳಿಗೆ ಇರುತ್ತದೆ. ಸ್ಕೂಬಾದಲ್ಲಿ ಉಸಿರು ಹಿಡಿದು ಸ್ವಲ್ಪ ಮೇಲೇರಿದರೂ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೆ ಪೆಟ್ಟಾಗುತ್ತದೆ. ನಿಧಾನವಾಗಿ ಉಸಿರಾಡುತ್ತಲೇ ಕ್ಲಿಕ್ ಮಾಡಬೇಕು.

‘ಗ್ರೀಸ್ ಬಳಿಯಿರಿ’ ಎಂದರೆ ಗೋಡೆಗೆ ಸುಣ್ಣ ಬಳಿದಂತೆ ಮೆತ್ತುವವರಿದ್ದಾರೆ. ‘ಸವರಿ’ ಎಂದು ಬರೆಯಿರಿ. ನೀರು ತಡೆಯುವುದು ಗ್ರೀಸ್ ಅಲ್ಲ, ಒತ್ತಿಕೊಂಡ ರಬ್ಬರ್. ರಿಂಗ್ ತಿರುಚದೆ ಕೂರಲೆಂದು ಮಾತ್ರ ಗ್ರೀಸ್. ಅಕ್ಕಿಕಾಳಿನಷ್ಟು ಗ್ರೀಸ್ ಬೆರಳಿಗೆ ತಗೊಂಡು, ರಿಂಗ್ ಬರೀ ಮಿನುಗುವಷ್ಟು ಸವರಿದರೆ ಮುಗಿಯಿತು. ಹೆಚ್ಚಾದರೆ ಕೂದಲು, ಮರಳು ಅಂಟುತ್ತವೆ. ಒಂದೇ ಒಂದು ಕೂದಲು ಅಡ್ಡ ಬಿದ್ದರೂ ಹೌಸಿಂಗ್ (ಕ್ಯಾಮೆರಾ ಇಡುವ ನೀರುತಡೆ ಪೆಟ್ಟಿಗೆ) ಒಳಗೆ ನೀರು. ರಿಂಗ್ ಎಬ್ಬಿಸಲು ಪಿನ್ನು, ಚಾಕು ಬೇಡ, ಹಳೆಯ ಎಟಿಎಂ ಕಾರ್ಡಿನ ಮೂಲೆ ಸಾಕು. ಗ್ರೀಸ್ ಹೌಸಿಂಗ್ ಕಂಪನಿ ಹೇಳಿದ್ದೇ ಇರಲಿ, ಯಾಕೆಂದರೆ ಸಿಲಿಕೋನ್ ಗ್ರೀಸ್ ತಾಗಿದರೆ ಸಿಲಿಕೋನ್ ರಿಂಗ್ ಉಬ್ಬಬಹುದು. ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚಿ ರಿಂಗ್ ಇನ್ನೂ ಬಿಗಿಯಾಗುತ್ತದೆ. ಆದ್ದರಿಂದ ಸೋರಿಕೆ ಹೆಚ್ಚಾಗಿ ಶುರುವಾಗುವುದು ಮೊದಲ ಒಂದೆರಡು ಮೀಟರಿನಲ್ಲೇ. ಅಲ್ಲಿ ನಿಂತು ಗುಳ್ಳೆ ಬರುತ್ತಿದೆಯೇ ನೋಡಿಯೇ ಕೆಳಗಿಳಿಯಬೇಕು.

ಇನ್ನು ಶಾರ್ಕ್. ‘ತಿಮಿಂಗಿಲ’ ಎನ್ನುವುದು ದೊಡ್ಡ ತಪ್ಪಾಗುತ್ತದೆ. ತಿಮಿಂಗಿಲ ಮೊಲೆಯೂಡುವ ಪ್ರಾಣಿ, ಉಸಿರಿಗೆ ಮೇಲೆ ಬರುತ್ತದೆ, ಬಾಲ ಅಡ್ಡಕ್ಕೆ ಹರಡಿರುತ್ತದೆ. ವೇಲ್ ಶಾರ್ಕ್ ಕಿವಿರಿನಿಂದ ಉಸಿರಾಡುವ ಮೀನು, ಮೀನುಗಳಲ್ಲೇ ಅತಿ ದೊಡ್ಡದು, ಬಾಲ ನೆಟ್ಟಗೆ. ‘ತಿಮಿಂಗಿಲ ಶಾರ್ಕ್’ ಎಂದು ಜೋಡಿಸಿ ಬರೆಯಿರಿ. 2001ರಿಂದ ಅದಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ. ಉಳಿದವಕ್ಕೆ ತುಳುವರು ‘ತಾಟೆ’, ಕೊಂಕಣಿಗರು ‘ಮೋರಿ’ ಅನ್ನುತ್ತಾರೆ. ತಾಟೆ ಚೆಂದದ ಪದ, ಒಮ್ಮೆ ಪರಿಚಯಿಸಿ. ಮೋರಿ ಅಂದರೆ ನಮ್ಮವರಿಗೆ ಚರಂಡಿಯೇ ನೆನಪಾಗುತ್ತದೆ, ಬಿಟ್ಟುಬಿಡಿ.

ಶಾರ್ಕ್ ವಿಷಯದಲ್ಲಿ ‘ಹಿಂಬಾಲಿಸಿ’ ಎನ್ನುವ ಪದ ಎಲ್ಲಿದ್ದರೂ ಹೊಡೆದುಹಾಕಿ ‘ಕಾಯಿರಿ’ ಎಂದು ಹಾಕಿ. ಬೆನ್ನು ಹತ್ತಿದವರಿಗೆ ಸಿಗುವುದು ಬಾಲದ ಚಿತ್ರ. ದಿಬ್ಬದ ಮಗ್ಗುಲಲ್ಲಿ ಸಮತೂಗಿ ನಿಂತು ನಿಧಾನ ಉಸಿರು ಬಿಟ್ಟರೆ (ಗುಳ್ಳೆಯ ಸದ್ದಿಗೂ ಅವು ಬೆದರುತ್ತವೆ) ಅವೇ ಸುತ್ತಿ ಬರುತ್ತವೆ. ಹೊಟ್ಟೆ ಬೆಳ್ಳಗಿರುವುದರಿಂದ ಪೂರ್ತಿ ಫ್ಲ್ಯಾಶ್ ಹೊಡೆದರೆ ಅಲ್ಲಿ ಚಿತ್ರ ಸುಟ್ಟುಹೋಗುತ್ತದೆ, ಕಾಲುಭಾಗಕ್ಕೆ ಇಳಿಸಿ. ಬೂದು ಬಣ್ಣದ ರೀಫ್ ಶಾರ್ಕ್ ಬೆನ್ನು ಗೂನು ಮಾಡಿ ಎದೆಯ ರೆಕ್ಕೆ ಕೆಳಗಿಳಿಸಿತೆಂದರೆ ಅದು ಎಚ್ಚರಿಕೆ. ಕ್ಯಾಮೆರಾ ತಗ್ಗಿಸಿ, ಅದಕ್ಕೆ ಬೆನ್ನು ಮಾಡದೆ ನಿಧಾನ ಹಿಂದೆ ಸರಿಯಬೇಕು.

ಸೇರಿಕೆ (ಕೊಪ್ಪಳ):
ಮೇಡಂ, ಹೌಸಿಂಗಿನಲ್ಲಿ ಲೆನ್ಸಿನ ಮುಂದಿರುವ ಉಬ್ಬು ಗಾಜಿಗೆ ಹೇಳುವ ‘ಡೋಮ್ ಪೋರ್ಟ್’ ಬಂದಲ್ಲಿ ‘ಗುಮ್ಮಟ ಗಾಜು’ ಎಂದು ಬರೆಯಬಹುದು. ಚಪ್ಪಟೆ ಗಾಜಿನ ಹಿಂದಿನಿಂದ ನೋಡಿದರೆ ನೀರಿನಲ್ಲಿರುವ ವಸ್ತು ಕಾಲುಭಾಗ ಹತ್ತಿರ ಬಂದಂತೆ ಕಾಣುತ್ತದೆ, ಚಿತ್ರದ ಹರವೂ ಕಿರಿದಾಗುತ್ತದೆ. ಗುಮ್ಮಟ ಗಾಜು ಆ ಹರವನ್ನು ಮರಳಿಸುತ್ತದೆ. ಆದರೆ ಎಷ್ಟೇ ದೂರದ ದೃಶ್ಯವಾದರೂ ಅದರ ಬಿಂಬ ಗಾಜಿನ ಮುಂದೆ ಗುಮ್ಮಟದ ತ್ರಿಜ್ಯದ ಸುಮಾರು ಮೂರು ಪಟ್ಟು ದೂರದಲ್ಲೇ ಮೂಡುತ್ತದೆ. ತ್ರಿಜ್ಯ 10 ಸೆಂಟಿಮೀಟರ್ ಇದ್ದರೆ 30 ಸೆಂಟಿಮೀಟರ್. ಅಷ್ಟು ಹತ್ತಿರ ಫೋಕಸ್ ಆಗದ ಲೆನ್ಸ್ ಹಾಕಿದರೆ ಶಾರ್ಕ್ ಎಲ್ಲಿದ್ದರೂ ಚಿತ್ರ ಮಂಜಾಗಿಯೇ ಬರುತ್ತದೆ. ಅಂಚುಗಳು ಮಸುಕಾಗದಿರಲು ಅಪರ್ಚರ್ (ಲೆನ್ಸಿನ ಬೆಳಕುಕಿಂಡಿಯ ಅಳತೆ) ಎಫ್ 8ರಿಂದ 11ರ ನಡುವೆ ಇರಲಿ.