2020ರ ಕಾಡ್ಗಿಚ್ಚಿನ ಹೊಗೆಗೂ ಮಗಳ ಕೆಮ್ಮಿಗೂ ಸಂಬಂಧ ಇದೆಯಾ?

ಸನ್ನಿವೇಲ್ ಅಮ್ಮ:
ಮಗಳು ಹುಟ್ಟಿದ್ದು 2020ರ ಜುಲೈಯಲ್ಲಿ. ಮುಂದಿನ ತಿಂಗಳೇ ಸಿಡಿಲು ಬಡಿದು ಇಲ್ಲಿ ಕ್ಯಾಲಿಫೋರ್ನಿಯಾದ ಕಾಡುಗಳು ಹೊತ್ತಿಕೊಂಡವು. ಕೋವಿಡ್ ಅಂತ ಬಾಣಂತನಕ್ಕೆ ಅಮ್ಮನೂ ಬರಲಾಗಲಿಲ್ಲ. ಹಳೇ ಅಪಾರ್ಟ್‌ಮೆಂಟ್, ಎಸಿ ಇಲ್ಲ. ಸೆಕೆ ತಡೆಯದೆ ರಾತ್ರಿ ಕಿಟಕಿ ತೆಗೆದಿಡುತ್ತಿದ್ದೆವು. ಬೆಳಿಗ್ಗೆ ನೋಡಿದರೆ ತೊಟ್ಟಿಲ ಪಕ್ಕದ ಕಿಟಕಿಯಲ್ಲಿ ಬೂದಿ, ಬೆರಳಿಗೆ ವಿಭೂತಿಯ ಹಾಗೆ ಮೆತ್ತುತ್ತಿತ್ತು. ಸೆಪ್ಟೆಂಬರ್ 9ರಂದು ಆಕಾಶ ಕಿತ್ತಳೆ ಬಣ್ಣ ಆಯಿತಲ್ಲ, ಅವತ್ತು ಬೆಳಿಗ್ಗೆ ಹತ್ತಕ್ಕೆ ಲೈಟ್ ಹಾಕಿಕೊಂಡು ಮಗುವಿಗೆ ಎಣ್ಣೆ ಹಚ್ಚಿದ್ದೆ.

ಈಗ ಶೀತ ಆದರೆ ಸಾಕು, ಕೆಮ್ಮು ಮೂರು ವಾರ ಬಿಡುವುದಿಲ್ಲ. ಡಾಕ್ಟರ್ ಹತ್ತಿರ ಹೊಗೆಯ ಮಾತೆತ್ತಿದರೆ ನಕ್ಕುಬಿಟ್ಟರು. ನಾನು ಸುಮ್ನೆ ತಲೆ ಕೆಡಿಸಿಕೊಳ್ಳುತ್ತಿದ್ದೇನಾ?

ಹಳ್ಳಿಹೈದ:
ನಮ್ಮಜ್ಜಿ ಜೀವಮಾನವೆಲ್ಲ ಸೌದೆ ಒಲೆ ಊದಿದರು. 84 ವರ್ಷ ಗಟ್ಟಿಯಾಗಿದ್ದರು. ಚಿಂತೆ ಬಿಡಿ.

ಡೇವಿಸ್‌ನವನು:
ಅಜ್ಜಿ ರಾತ್ರಿ ಕೆಮ್ಮುತ್ತಿರಲಿಲ್ಲವಾ ಹೈದ?

ಅಕ್ಕ, ನಮ್ಮೂರಿನ ಯೂನಿವರ್ಸಿಟಿಯಲ್ಲಿ ಕೋತಿಗಳನ್ನು ಬಯಲಲ್ಲೇ ಸಾಕುತ್ತಾರೆ. 2008ರ ಕಾಡ್ಗಿಚ್ಚಿನ ಹೊಗೆ ಕುಡಿದ ಮರಿಗಳನ್ನು ಮರುವರ್ಷ ಹುಟ್ಟಿದವುಗಳ ಜೊತೆ ಹೋಲಿಸಿ ನೋಡಿದರು. ಹರೆಯಕ್ಕೆ ಬಂದಾಗಲೂ ಹೊಗೆ ಕುಡಿದವುಗಳ ಶ್ವಾಸಕೋಶದ ಶಕ್ತಿ ಕಡಿಮೆಯೇ ಇತ್ತು. ಮೊಂಟಾನಾದ ಸೀಲಿ ಲೇಕ್ ಊರಲ್ಲಿ 2017ರಲ್ಲಿ 49 ದಿನ ಹೊಗೆ ನಿಂತಿತ್ತು. ಆಗಷ್ಟೇ ಪರೀಕ್ಷಿಸಿದಾಗ ನೂರಕ್ಕೆ ಹತ್ತು ಜನರ ಉಸಿರಿನ ಬಲ ಕಡಿಮೆ ಇತ್ತು. ವರ್ಷ ಬಿಟ್ಟು ನೋಡಿದರೆ 46! ಅವರಲ್ಲಿ ವಯಸ್ಸಾದವರೇ ಜಾಸ್ತಿ ಅನ್ನಿ. ಹಾಗಾಗಿ ನಿಮ್ಮ ಭಯ ಹುಚ್ಚಲ್ಲ. ಆದರೆ ಒಂದು ಮಗುವಿನ ಕೆಮ್ಮನ್ನು ಆ ಹೊಗೆಯ ಲೆಕ್ಕಕ್ಕೇ ಬರೆಯಲು ಯಾರಿಂದಲೂ ಆಗದು. ಅಲರ್ಜಿ ಇರಬಹುದು, ಅಸ್ತಮಾ ಇರಬಹುದು. ಉಸಿರಿನ ಬಲ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆಗೆ ಐದಾರು ವರ್ಷದ ಮಕ್ಕಳು ಊದಬಲ್ಲರು, ಕೇಳಿ ಮಾಡಿಸಿ.

ಇನ್ನೊಂದು, ಆ ಕಿತ್ತಳೆ ದಿನ ಹೊಗೆ ಮೇಲೇ ಇತ್ತು, ಸಮುದ್ರದ ಮಂಜು ಅದನ್ನು ಕೆಳಗಿಳಿಯಲು ಬಿಡಲಿಲ್ಲ. ಗಾಳಿ ಕೆಟ್ಟಿದ್ದು ಆಮೇಲೆ, ಯಾರೂ ಫೋಟೋ ತೆಗೆಯದ ಬೂದು ದಿನಗಳಲ್ಲಿ.

ಹಳ್ಳಿಹೈದ:
ಕೆಮ್ಮುತ್ತಿದ್ದರು ಮಾರಾಯ. ನಾವು ವಯಸ್ಸು ಅಂದುಕೊಂಡಿದ್ದೆವು.

ಸನ್ನಿವೇಲ್ ಅಮ್ಮ:
ಥ್ಯಾಂಕ್ಸ್. ಬೇರೆ ಡಾಕ್ಟರ್ ಹತ್ತಿರ ಟೈಮ್ ತಗೊಂಡೆ. ಮತ್ತೆ ಹೊಗೆ ಬಂದರೆ ಏನು ಮಾಡಲಿ? ಏರ್ ಪ್ಯೂರಿಫೈಯರ್ ದುಬಾರಿ.

ಡೇವಿಸ್‌ನವನು:
ಮನೆಯಲ್ಲೇ ಮಾಡಿಕೊಳ್ಳಿ. 20 ಇಂಚಿನ ಬಾಕ್ಸ್ ಫ್ಯಾನ್ (ಚೌಕದ ಫ್ಯಾನ್), ಅದೇ ಅಳತೆಯ ನಾಲ್ಕು ಮರ್ವ್ 13 ಫಿಲ್ಟರ್ (ಹೊಗೆಯ ಸಣ್ಣ ಕಣ ಹಿಡಿಯುವ ದರ್ಜೆಯವು), ಡಕ್ಟ್ ಟೇಪ್. ಫಿಲ್ಟರುಗಳನ್ನು ನಾಲ್ಕು ಗೋಡೆಯ ಹಾಗೆ ನಿಲ್ಲಿಸಿ, ಅಡಿಗೆ ರಟ್ಟು, ಮೇಲೆ ಫ್ಯಾನ್. ಫಿಲ್ಟರಿನ ಮೇಲಿನ ಬಾಣದ ಗುರುತು ಒಳಮುಖವಾಗಿರಲಿ. ನಾನು ಮೊದಲ ಸಲ ಉಲ್ಟಾ ಅಂಟಿಸಿ ಎರಡು ದಿನ ಓಡಿಸಿದ್ದೆ.